ಹತ್ತಿರದ ಬೆಟ್ಟ

ಐವತ್ತು ವರ್ಷ ಕಲ್ಲು ಉಜ್ಜಿದ ಕೈ ಇದು.
ಅರವತ್ತರಿಂದ ಶುರು, ಗರಗಸದ ಗೆರೆ ಅಳಿಯಬೇಕು.
ಆಮೇಲೆ ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು;
ಎಂಟುನೂರಕ್ಕೆ ಬರುವಷ್ಟರಲ್ಲಿ ಅಮೃತಶಿಲೆ
ಕೈಗೆ ಸಿಗದ ಮೀನು.
ಅಂಕಿ ಏರಿದಷ್ಟೂ ಹರಳು ಸಣ್ಣ, ಗೀರು ಸಣ್ಣ.
ಇದು ಕಾರಾರಾದ ಮಗ್ಗಿ. ಇದನ್ನೇ ನಂಬಿ ಉಂಡೆ.

ಹಲ್ಲಿನ ಬುಡ ಜುಮ್ಮೆಂದದ್ದು ಫೆಬ್ರವರಿಯಲ್ಲಿ.
ಮೊದಲು ತಣ್ಣೀರಿಗೆ,
ಆಮೇಲೆ ಬರೀ ಗಾಳಿಗೆ.

ಲಾರಿ ಓಡಿಸುವ ಅತ್ತೀಲಿಯೋನ ಮಗಳು ನೊಎಮಿ,
ನಮ್ಮ ಕಾರ್ಖಾನೆಯ ಬಿಳಿ ಕೆಸರಲ್ಲಿ ರೊಟ್ಟಿ ತಟ್ಟಿ ಆಡಿದವಳು,
ಈಗ ಬಿಳಿ ಕೋಟು ತೊಟ್ಟು ಕನ್ನಡಿ ಹಿಡಿದಳು.
ಎಡದವಡೆ. ಒಸಡು ಹಿಂದೆ ಸರಿದಲ್ಲಿ
ಒಂದೊಂದು ಹಲ್ಲಿನ ಕೊರಳಿಗೂ ಒಂದೊಂದು ಕಚ್ಚು,
ಉಳಿ ಇಟ್ಟು ಹೊಡೆದಂತೆ, ಸಾಲಾಗಿ.
'ಯಾರ ಕೆಲಸ?' ಅಂದೆ.
'ನಿಮ್ಮದೇ, ಓರೆಸ್ತೆ' ಅಂದಳು.
ಕೆಲಸ ಅಚ್ಚುಕಟ್ಟು ಎಂದು ಒಪ್ಪಬೇಕಾಯಿತು.

ಯಾವ ಪೇಸ್ಟು ಎಂದು ಕೇಳಿದಾಗ ಎದೆ ಉಬ್ಬಿಸಿದೆ.
ಟ್ಯೂಬಿನ ಮೇಲೆ ಪುದೀನ ಬರೆದಿರುತ್ತಾರೆ,
ಹಿಮದ ಶಿಖರ ಬರೆದಿರುತ್ತಾರೆ,
ಎಷ್ಟು ತೇಯುತ್ತದೆಂದು ಬರೆಯುವುದಿಲ್ಲ.
ನಾನು ಬಿಡಲಿಲ್ಲ. ಕಂಪನಿಗಳಿಗೇ ಕಾಗದ ಹಾಕಿದೆ.
ಒಂದಕ್ಕೆ ಐವತ್ತೈದು.
ಇದ್ದಿಲು ಹಾಕಿದ ಕರಿಯದಕ್ಕೆ ನೂರೆಪ್ಪತ್ತು.
ಐವತ್ತೈದೇ? ಚಪ್ಪಡಿ ಕೆತ್ತುವ ಅಂಕಿ ಅದು,
ಬಾಯಿಗೆ ಹಾಕುವವರುಂಟೇ?
ನೂರೆಪ್ಪತ್ತನ್ನೇ ತಂದೆ. ಒಂಬತ್ತು ವರ್ಷ.

ನೊಎಮಿಯ ನಗು ಅರ್ಧಕ್ಕೇ ನಿಂತಿತು.
'ಇಲ್ಲಿ ಮಗ್ಗಿ ತಿರುಗುಮುರುಗು, ಅಜ್ಜ.
ನಿಮ್ಮದು ಹರಳಿನ ಲೆಕ್ಕ. ಇದು ಸವೆದದ್ದರ ಲೆಕ್ಕ.'

ಎಲ್ಲೋ ಒಂದು ಪ್ರಯೋಗಾಲಯದಲ್ಲಿ
ಯಾರದೋ ಕಿತ್ತ ಹಲ್ಲಿನ ಬೇರುಗಳನ್ನು
ಯಂತ್ರ ಉಜ್ಜುತ್ತದಂತೆ, ಸಾವಿರಗಟ್ಟಲೆ ಸಲ.
ಗೊತ್ತಿರುವ ಒಂದು ಪುಡಿ ತೇಯ್ದದ್ದಕ್ಕೆ ನೂರು ಎಂದು ಹೆಸರು;
ಮಿಕ್ಕವೆಲ್ಲ ಅದರ ಪಕ್ಕ ನಿಂತು ಅಳೆಸಿಕೊಳ್ಳಬೇಕು.
ಇನ್ನೂರೈವತ್ತು ಎಲ್ಲೆಕಲ್ಲು.
ಬೇರು ಬಯಲಾದ ನನ್ನಂಥವರು
ಎಪ್ಪತ್ತರ ಕೆಳಗೆ ತಂಗುವುದು ಲೇಸು.

'ಹಲ್ಲಿನ ಮೇಲ್ಮೈ ನಿಮ್ಮ ಕಲ್ಲಿಗಿಂತ ಗಟ್ಟಿ' ಅಂದಳು.
'ಬೇರು ನಿಮ್ಮ ಕಲ್ಲಿಗಿಂತ ಮೆತ್ತಗೆ.'

ಬೆರಳಾಡಿಸಿ ಗಣಿಯ ಹೆಸರು ಹೇಳುವವನು ನಾನು.
ನನ್ನೊಳಗೆ ಕಲ್ಲಿಗಿಂತ ಮೆತ್ತಗಿನದೊಂದು
ಎಪ್ಪತ್ತೊಂದು ವರ್ಷದಿಂದ ಇತ್ತೆಂದು
ಯಾರೂ ಹೇಳಿರಲಿಲ್ಲ.

'ಬೆಳಿಗ್ಗೆ ನಿಂಬೆರಸ?'
'ದಿನಾ. ಕುಡಿದು, ತಕ್ಷಣ ಉಜ್ಜುತ್ತೇನೆ.'
ಅವಳು ಸುಮ್ಮನಾದಳು. ನನಗೆ ನೆನಪಾಯಿತು:
ಹೊಳಪು ಕೊಟ್ಟ ಚಪ್ಪಡಿಯ ಮೇಲೆ
ನಿಂಬೆಹೋಳು ಇಟ್ಟ ಹುಡುಗನಿಗೆ
ಕಪಾಳಕ್ಕೆ ಬಿಟ್ಟಿದ್ದೆ ಒಮ್ಮೆ.
'ಅರ್ಧ ಗಂಟೆಯಾದರೂ ತಡೆಯಿರಿ' ಅಂದಳು,
ಕಪಾಳಕ್ಕೆ ಬಿಡದೆ.

ಮನೆಗೆ ಬರುವಾಗ ಕಾರ್ರಿಯೋನೆ ಹೊಳೆ
ಎಂದಿನಂತೆ ಹಾಲು ಬಣ್ಣ.
ಲಾರಿಗಳು ಬೆಟ್ಟದ ಚೂರು ಹೊತ್ತು ಇಳಿಯುತ್ತಿದ್ದವು.
ಅತ್ತೀಲಿಯೋ ಕೈಬೀಸಿದ. ಅವನ ಲೋಡು
ಪ್ರತಿಮೆಗಲ್ಲ, ಹಿಟ್ಟಿನ ಗಿರಣಿಗೆ;
ಬಣ್ಣಕ್ಕೆ, ಕಾಗದಕ್ಕೆ, ಪೇಸ್ಟಿಗೆ.
ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ.
ಕಡಲಿನಿಂದ ನೋಡಿದವರು ಇದನ್ನು ಹಿಮ ಎಂದುಕೊಳ್ಳುತ್ತಾರೆ.
ಬಾಯಿಗೇ ಬಂದ ಬೆಟ್ಟದ ಮಾತು ಬೇರೆ.

ಐವತ್ತೈದರದ್ದು ಕೊಂಡೆ. ಫ್ಲೋರೈಡ್ ಇದೆಯೇ ನೋಡಿದೆ,
ಅವಳ ಆಣೆಯಾಗಿತ್ತು. ಬಟಾಣಿಯಷ್ಟು ಹಿಂಡಿ
ಎರಡು ಬೆರಳ ನಡುವೆ ತಿಕ್ಕಿದೆ, ಅಭ್ಯಾಸ.
ಏನೂ ತಿಳಿಯಲಿಲ್ಲ. ಬೆರಳಿಗೆ ತಿಳಿಯುವ ಸಂಗತಿಯಲ್ಲ ಅದು.

ಮೆತ್ತನೆ ಬ್ರಷ್ಷು, ಪೆನ್ನು ಹಿಡಿದಂತೆ ಹಿಡಿದೆ.
ಕೈ ಮತ್ತೆ ಮತ್ತೆ ಒತ್ತಿತು.
ಒತ್ತುವುದಕ್ಕೆ ಸಂಬಳ ತೆಗೆದುಕೊಂಡ ಕೈ,
ಬಿಡು ಅಂದರೆ ಬಿಡುತ್ತದೆಯೇ?

ಹಳೆಯ ಟ್ಯೂಬು ಎಸೆಯಲಿಲ್ಲ.
ಕಾರ್ಖಾನೆಯ ಹಿತ್ತಾಳೆ ನಲ್ಲಿಗೆ ಹಚ್ಚಿ ಉಜ್ಜಿದೆ.
ಅಬ್ಬಾ, ಏನು ಮಿಂಚು!
ಕೊನೆಗೂ ಅದಕ್ಕೊಂದು ತಕ್ಕ ಬಾಯಿ ಸಿಕ್ಕಿತು.